ಕಾಫಿ ಮಧ್ಯೆ ರಾಜಕೀಯ ಯಾಕೆ ತರ್ತೀಯಾ ಅಂದೆಯಲ್ಲ

ಗೆಳೆಯಾ,

ನಿನ್ನ ಪತ್ರ ಓದಿದೆ. ಕಾಫಿ ಗ್ರೈಂಡರ್ ಬಗ್ಗೆ ಕೇಳಿದ್ದೀಯ, ಹಳೇ ಲ್ಯಾಪ್‌ಟಾಪ್ ಏನು ಮಾಡಲಿ ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು: ಈ ಸಲವಾದರೂ ರಾಜಕೀಯ ಬಿಟ್ಟು ಬರಿ ಅಂತ. ಮೊದಲ ಎರಡಕ್ಕೆ ಉತ್ತರ ಇದೆ. ಮೂರನೆಯದು ಮಾತ್ರ ನನ್ನ ಕೈಲಿ ಆಗಲ್ಲ ಕಣೋ. ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರ್ ಬಿಚ್ಚುವ ಚಟ ಇರುವವನಿಗೆ ಒಂದಲ್ಲ ಒಂದು ದಿನ "ಇದು ಯಾರದು, ಇದರ ಮೇಲೆ ಯಾರ ಮಾತು ನಡೆಯುತ್ತದೆ" ಅನ್ನುವ ಪ್ರಶ್ನೆ ಎದುರಾಗಿಯೇ ಆಗುತ್ತದೆ. ನನ್ನ ಮಟ್ಟಿಗೆ ರಾಜಕೀಯ ಅಂದರೆ ಅದೇ. ಪಕ್ಷ, ಚಿಹ್ನೆ, ಟಿವಿಯಲ್ಲಿ ಕಿರುಚಾಟ ಎಲ್ಲ ಅದರ ಒಂದು ಮೂಲೆ ಅಷ್ಟೇ.

ಕಾಫಿಯಿಂದ ಶುರು ಮಾಡುತ್ತೇನೆ. ಅದರಲ್ಲಿ ಜಗಳಕ್ಕೆ ಜಾಗ ಇಲ್ಲ ಅಂತ ನೀನು ಅಂದುಕೊಂಡಿದ್ದೀಯಲ್ಲ.

ದುಡ್ಡು ಕಡಿಮೆ ಇದ್ದರೆ ಅದನ್ನು ಗ್ರೈಂಡರ್‌ಗೆ ಹಾಕು, ಮೆಷಿನ್‌ಗೆ ಬೇಡ. ಬ್ಲೇಡ್ ಇರುವ ಮಿಕ್ಸರ್ ಥರದ್ದು ಬೀಜವನ್ನು ಅರೆಯುವುದಿಲ್ಲ, ಕೊಚ್ಚುತ್ತದೆ. ಒಂದಿಷ್ಟು ಹಿಟ್ಟಾಗುತ್ತದೆ, ಒಂದಿಷ್ಟು ತರಿಯಾಗಿ ಉಳಿಯುತ್ತದೆ. ಬಿಸಿನೀರು ಬಿದ್ದಾಗ ಹಿಟ್ಟಿನಿಂದ ಬೇಡದ ಕಹಿಯೆಲ್ಲ ಇಳಿಯುತ್ತದೆ. ತರಿಯಿಂದ ರುಚಿ ಪೂರ್ತಿ ಇಳಿಯುವುದೇ ಇಲ್ಲ, ಹುಳಿ ಮುಂದಾಗಿರುತ್ತದೆ. ಒಂದೇ ಲೋಟದಲ್ಲಿ ಎರಡೂ ಕಾಟ. ಬರ್ ಗ್ರೈಂಡರ್‌ನಲ್ಲಿ ಬೀಜ ಎರಡು ಹಲ್ಲಿನ ಚಕ್ರಗಳ ಸಂದಿಯಲ್ಲಿ ಹಾದು ಬರುತ್ತದೆ. ಸಂದಿ ಎಷ್ಟೋ ಪುಡಿಯ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಕೈಯಲ್ಲಿ ತಿರುಗಿಸುವಂಥದ್ದಾದರೂ ಧಾರಾಳ ಸಾಕು.

1 ಗ್ರಾಂ ಪುಡಿಗೆ 16 ಗ್ರಾಂ ನೀರು. ನೀರು ಕುದಿ ಇಳಿದು 93 ಡಿಗ್ರಿ ಆಸುಪಾಸಿನಲ್ಲಿರಲಿ. ಅಲ್ಲಿಂದ ಶುರು ಮಾಡು. ಕಹಿ ಬಂದರೆ ಪುಡಿ ದಪ್ಪ ಮಾಡು, ಹುಳಿ ಬಂದರೆ ಸಣ್ಣ ಮಾಡು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಪ್ರೋಗ್ರಾಮಿನಲ್ಲಿ ತಪ್ಪು (ಬಗ್) ಹುಡುಕುವಾಗ ಮಾಡುತ್ತೀವಲ್ಲ ಹಾಗೆ. ನೀರು, ಪುಡಿ, ಸಮಯ ಮೂರನ್ನೂ ಒಟ್ಟಿಗೆ ತಿರುಚಿ ರುಚಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ದೇವರಿಗೇ ಗೊತ್ತು. ಸೋಸುವುದಕ್ಕೆ ಪೇಪರ್ ಫಿಲ್ಟರ್ ಸಾಕು. ಅದೂ ಒಬ್ಬ ಗೃಹಿಣಿ ಮನೆಯಲ್ಲಿ ಕೂತು ಕಂಡುಹಿಡಿದದ್ದು ಗೊತ್ತಾ? ಜರ್ಮನಿಯ ಮೆಲಿಟಾ ಬೆಂಟ್ಸ್. ಹಿತ್ತಾಳೆ ಪಾತ್ರೆಗೆ ತೂತು ಹೊಡೆದು, ಮಗನ ಶಾಲೆ ಪುಸ್ತಕದ ಬ್ಲಾಟಿಂಗ್ ಪೇಪರ್ ಹರಿದು ಹಾಕಿ ಸೋಸಿ ನೋಡಿದಳು. 1908ರಲ್ಲಿ ಪೇಟೆಂಟ್ ಕೂಡ ತೆಗೆದುಕೊಂಡಳು. ನಮ್ಮಂಥ ಕೆದಕುವ ಜಾತಿಗೆ ಸೇರಿದವಳು.

ನೀನು ಕಣ್ಣು ಹಾಕಿರುವ, ಪುಡಿ ತುಂಬಿದ ಪುಟ್ಟ ಡಬ್ಬಿ ಹಾಕಿ ಕಾಫಿ ಮಾಡುವ ಕ್ಯಾಪ್ಸೂಲ್ ಮೆಷಿನ್ ಬಗ್ಗೆ ಮಾತ್ರ ನನ್ನ ತಕರಾರಿದೆ. ರುಚಿ ಆಮೇಲಿನ ಮಾತು. 2014ರಲ್ಲಿ ಅಮೆರಿಕದ ಕ್ಯೂರಿಗ್ ಕಂಪನಿ ಒಂದು ಹೊಸ ಕಾಫಿ ಮೆಷಿನ್ ತಂದಿತು. ಕ್ಯಾಪ್ಸೂಲಿನ ಮುಚ್ಚಳದ ಅಂಚಿನಲ್ಲಿ ವಿಶೇಷ ಶಾಯಿ. ಮೆಷಿನ್ ಒಳಗೆ ಅದನ್ನು ಓದುವ ಕಣ್ಣು. ಕಂಪನಿ ಒಪ್ಪಿದ ಕ್ಯಾಪ್ಸೂಲ್ ಆದರೆ ಕಾಫಿ. ಬೇರೆಯವರದ್ದಾದರೆ ಕೆಲಸ ಮಾಡುವುದೇ ಇಲ್ಲ. ಜನ ಸುಮ್ನೆ ಇರ್ತಾರಾ? ಒಂದು ಅಸಲಿ ಮುಚ್ಚಳ ಕತ್ತರಿಸಿ, ಆ ಕಣ್ಣಿನ ಎದುರಿಗೆ ಟೇಪ್ ಹಾಕಿ ಅಂಟಿಸಿದರು. ಮುಗಿಯಿತು, ಯಾವ ಕ್ಯಾಪ್ಸೂಲ್ ಹಾಕಿದರೂ ಕಾಫಿ ಬಂತು! ಮರುವರ್ಷ ಮೆಷಿನ್ ಮಾರಾಟ ಬಿತ್ತು. ನಮ್ಮದೇ ಪುಡಿ ತುಂಬಿಕೊಳ್ಳುವ ಕಪ್ಪನ್ನು ತೆಗೆದದ್ದು ತಪ್ಪಾಯಿತು ಅಂತ ಕಂಪನಿಯ ಮುಖ್ಯಸ್ಥರೇ ಒಪ್ಪಿಕೊಂಡು, ಅದನ್ನು ವಾಪಸ್ ತರುತ್ತೇವೆ ಅಂದರು.

ಆ ಮೆಷಿನ್ನಿಗೆ ಬೇರೆಯವರ ಕ್ಯಾಪ್ಸೂಲಿನಲ್ಲಿ ಕಾಫಿ ಮಾಡುವ ಶಕ್ತಿ ಇತ್ತು. ನೀರಿತ್ತು, ಬಿಸಿ ಇತ್ತು, ಸೂಜಿ ಇತ್ತು. ಆದರೂ ಮಾಡಲಿಲ್ಲ, ಯಾಕೆಂದರೆ ಎಲ್ಲೋ ಒಂದು ಮೀಟಿಂಗಿನಲ್ಲಿ ಯಾರೋ ಹಾಗೆ ತೀರ್ಮಾನ ಮಾಡಿದ್ದರು. ತಂತ್ರಜ್ಞಾನದ ವಿಷಯದಲ್ಲಿ ನಾನು ಮೊದಲು ನೋಡುವುದು ಇದನ್ನೇ. ಒಂದು ವಸ್ತು ನನಗೆ "ಇಲ್ಲ" ಅಂದಾಗ, ಆ ಇಲ್ಲ ಎಲ್ಲಿಂದ ಬಂತು? ನಿಜವಾಗಿಯೂ ಅದರ ಕೈಲಾಗದ್ದಾ, ಇಲ್ಲಾ ಬೇರೊಬ್ಬರು ಬೇಡ ಅಂದಿದ್ದಾ? ಮೊದಲನೆಯದಾದರೆ ತಲೆಬಾಗಬೇಕು. ಎರಡನೆಯದಾದರೆ ವಾದ ಮಾಡಬಹುದು.

ನಿನ್ನ ಲ್ಯಾಪ್‌ಟಾಪ್ ವಿಷಯ ಎರಡನೆಯ ಥರದ್ದು. ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ನಿನ್ನದು ಅದಕ್ಕೆ ಒಪ್ಪಲ್ಲ. ಯಾವ ಕಂಪನಿಯೂ ಹಳೆಯದನ್ನು ಎಂದೆಂದಿಗೂ ಸಾಕಲಾರದು, ಅದು ನ್ಯಾಯವೇ. ಟಿಪಿಎಂನಿಂದ ಡಿಸ್ಕಿನ ಮಾಹಿತಿಗೆ ಗುಟ್ಟಿನ ಬೀಗ ಹಾಕುವ ಎನ್‌ಕ್ರಿಪ್ಷನ್ ಗಟ್ಟಿಯಾಗುತ್ತದೆ, ಅದೂ ನಿಜ. ಆದರೆ ನಿನ್ನ ಮೆಷಿನ್ ಆ ದಿನ ಬೆಳಿಗ್ಗೆ ಇದ್ದಷ್ಟೇ ವೇಗವಾಗಿ ಸಂಜೆಯೂ ಇತ್ತು ಅಲ್ವಾ? ಅದು ಸಾಯಲಿಲ್ಲ. ಪಟ್ಟಿಯಿಂದ ಹೆಸರು ತೆಗೆದರು ಅಷ್ಟೇ.

ಹಾಗಂತ ಎಲ್ಲದಕ್ಕೂ ಕಂಪನಿಗಳನ್ನು ಬೈಯುವವನೂ ನಾನಲ್ಲ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನುವ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ಬರೀ ದುರಾಸೆ ಅಂತ ತುಂಬ ಜನ ಹೇಳುತ್ತಾರೆ. ಪೂರ್ತಿ ಹಾಗಲ್ಲ. ಕಡಿಮೆ ಕರೆಂಟಿನಲ್ಲಿ ಅಷ್ಟು ವೇಗವಾಗಿ ಓಡುವ ಮೆಮೊರಿಗೆ ಪ್ರೊಸೆಸರ್‌ನಿಂದ ದೂರ ಕಡಿಮೆ ಇರಬೇಕು. ಹಳೇ ಥರದ ಸ್ಲಾಟ್ ಹಾಕಿದರೆ ಸಿಗ್ನಲ್ ಕೆಡುತ್ತದೆ. ಅಲ್ಲಿ ವಿದ್ಯುತ್ತಿನ ನಿಯಮವೇ ಅರ್ಧ ಕಾರಣ. ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸುವುದಕ್ಕೆ ಮಾತ್ರ ಅಂಥ ನಿಯಮ ಯಾವುದೂ ಇಲ್ಲ. ಬಳಸುವವರೇ ಬಿಚ್ಚಿ ಬದಲಾಯಿಸುವಂತೆ ಬ್ಯಾಟರಿ ಇರಬೇಕು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಆ ಭಾಗ ಜಾರಿಗೆ ಬರುವ ದಿನ 2027ರ ಫೆಬ್ರವರಿ 18. ಫೋನುಗಳಿಗೆಲ್ಲ ಒಂದೇ ಯುಎಸ್‌ಬಿ-ಸಿ ಅನ್ನುವ ಅವರ ನಿಯಮ 2024ರ ಡಿಸೆಂಬರ್ 28ರಿಂದಲೇ ಬಂದಿದೆ. ಡ್ರಾಯರ್ ತುಂಬ ಬೇರೆ ಬೇರೆ ಚಾರ್ಜರ್ ಇಟ್ಟುಕೊಂಡು ಒದ್ದಾಡಿದವರು ನಾವು. ಆ ಒದ್ದಾಟ ಮುಗಿಸಿದ್ದು ಇಂಜಿನಿಯರುಗಳಲ್ಲ, ವೋಟು ಹಾಕಿ ಕಳಿಸಿದ ಜನ. ಈಗ ಹೇಳು, ರಾಜಕೀಯ ಬಿಟ್ಟು ಕೇಬಲ್ ಬಗ್ಗೆ ಹೇಗೆ ಬರೆಯಲಿ?

ನಡುವೆ ಒಂದು ಹರಟೆ. ವೆಬ್‌ಗೆ ಹೋದ ಮೊದಮೊದಲ ಕ್ಯಾಮೆರಾ ನೋಡುತ್ತಿದ್ದದ್ದು ಏನನ್ನು ಗೊತ್ತಾ? ಕಾಫಿ ಪಾತ್ರೆಯನ್ನು! ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ಟ್ರೋಜನ್ ರೂಮ್ ಅಂತ ಒಂದು ಕೋಣೆ. ಬೇರೆ ಮಹಡಿಯವರು ಮೆಟ್ಟಿಲು ಹತ್ತಿಳಿದು ಬಂದು ನೋಡಿದರೆ ಪಾತ್ರೆ ಖಾಲಿ. 1991ರಲ್ಲಿ ಅದರ ಎದುರು ಕ್ಯಾಮೆರಾ ಇಟ್ಟರು. 128 ಬೈ 128 ಚುಕ್ಕೆಗಳ ಕಪ್ಪುಬಿಳುಪು ಚಿತ್ರ. ಕಾಫಿ ಇದೆಯೋ ಇಲ್ಲವೋ ತಿಳಿಯೋಕೆ ಅಷ್ಟು ಸಾಕಲ್ಲ. 1993ರಲ್ಲಿ ಅದು ವೆಬ್‌ಗೆ ಹೋಯಿತು. 2001ರ ಆಗಸ್ಟ್‌ನಲ್ಲಿ ಆರಿಸುವವರೆಗೂ ಜಗತ್ತಿನ ಜನ ಕೂತು ಯಾರದೋ ಕಾಫಿ ನೋಡುತ್ತಿದ್ದರು. ಉಪಯೋಗದ ತಂತ್ರಜ್ಞಾನ ಹೆಚ್ಚಿನ ಸಲ ಸೋಮಾರಿಗಳಿಂದಲೇ ಬರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದೇ ತರಲೆ ಬುದ್ಧಿಯವರು 1998ರ ಏಪ್ರಿಲ್ 1ಕ್ಕೆ ಕಾಫಿ ಪಾತ್ರೆಗೆ ಅಂತಲೇ ಒಂದು ಇಂಟರ್ನೆಟ್ ಪ್ರೋಟೋಕಾಲ್ (ಕಂಪ್ಯೂಟರುಗಳು ಮಾತಾಡಿಕೊಳ್ಳುವ ನಿಯಮ) ಬರೆದರು. ಟೀ ಪಾತ್ರೆಗೆ ಕಾಫಿ ಮಾಡು ಅಂದರೆ ಅದು ಕಳಿಸಬೇಕಾದ ಉತ್ತರ 418: ನಾನು ಟೀ ಪಾತ್ರೆ. ತಮಾಷೆ ಸರಿ, ಆದರೆ ಎಷ್ಟು ಪ್ರಾಮಾಣಿಕ ನೋಡು. ಯಾಕೆ ಆಗಲ್ಲ ಅಂತ ಕಾರಣವನ್ನೂ ಹೇಳಿಬಿಡುತ್ತದೆ. ಇದರ ಗಂಭೀರ ತಮ್ಮ 451. ಕಾನೂನಿನ ಕಾರಣಕ್ಕೆ ಒಂದು ಪುಟವನ್ನು ತಡೆದರೆ ಸರ್ವರ್ ಈ ಸಂಖ್ಯೆ ಕಳಿಸಬಹುದು ಅನ್ನುವ ದಾಖಲೆ 2016ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ತಡೆದ ಪುಟಕ್ಕೂ 404 (ಪುಟ ಸಿಗಲಿಲ್ಲ), ಕಳೆದುಹೋದ ಪುಟಕ್ಕೂ 404 ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. 451 ಬಂದರೆ ಕಾನೂನಿನ ಹೆಸರಲ್ಲಿ ಯಾರೋ ಬೇಡ ಅಂದಿದ್ದಾರೆ ಅಂತ ಗೊತ್ತಾಗುತ್ತದೆ. ಯಾರು, ಯಾವ ಕಾನೂನಿನಡಿ ಅನ್ನುವುದನ್ನೂ ಜೊತೆಗೆ ತಿಳಿಸಬೇಕು ಅಂತ ಆ ದಾಖಲೆ ಹೇಳುತ್ತದೆ. ತಡೆಯುವುದೇ ತಪ್ಪು ಅಂತ ನಾನು ಹೇಳಲ್ಲ. ತಡೆಯಬೇಕಾದದ್ದೂ ಇರುತ್ತದೆ. ತಡೆದವರು ಮುಖ ಮುಚ್ಚಿಕೊಳ್ಳಬಾರದು, ಅಷ್ಟೇ ನನ್ನ ಹಟ.

ಕಾಫಿಗೂ ರಾಜರಿಗೂ ಹಳೇ ದ್ವೇಷ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1675ರ ಡಿಸೆಂಬರ್ ಕೊನೆಯಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಿ ಅಂತ ಆಜ್ಞೆ ಹೊರಡಿಸಿದ. ಕಾಫಿ ಮೇಲೆ ಅವನಿಗೇನೂ ಕೋಪ ಇರಲಿಲ್ಲ. ಅಲ್ಲಿ ಕೂತವರು ಸರ್ಕಾರದ ಬಗ್ಗೆ ಇಲ್ಲದ್ದೆಲ್ಲ ಮಾತಾಡುತ್ತಾರೆ ಅನ್ನುವುದೇ ಚಿಂತೆ. ಹೆಂಡದಂಗಡಿಯಲ್ಲಿ ಹೊತ್ತು ಕಳೆದಂತೆ ಮಾತು ತೊದಲುತ್ತದೆ, ಕಾಫಿ ಅಂಗಡಿಯಲ್ಲಿ ಮಾತು ಚುರುಕಾಗುತ್ತದೆ. ರಾಜನಿಗೆ ಭಯ ಆಗಿದ್ದು ಸರಿಯೇ. ಗಲಾಟೆ ಎಷ್ಟಾಯಿತೆಂದರೆ, ಜನವರಿಯಲ್ಲಿ ಜಾರಿಗೆ ಬರುವ ಮೊದಲೇ ಆಜ್ಞೆ ಹಿಂದಕ್ಕೆ ಹೋಯಿತು. ಅದಕ್ಕೂ ಮೊದಲು 1633ರಲ್ಲಿ ಆಟೊಮನ್ ಸುಲ್ತಾನ ನಾಲ್ಕನೇ ಮುರಾದ್ ಕೂಡ ಕಾಫಿ ಅಂಗಡಿ ಮುಚ್ಚಿಸಿದ್ದ. ಈಗಿನವರು ಇಂಟರ್ನೆಟ್ ಬಂದ್ ಮಾಡುತ್ತಾರೆ. ಲೋಟ ಬೇರೆ, ಭಯ ಅದೇ.

ಹಾಗಂತ ಎಲ್ಲ "ಇಲ್ಲ"ವನ್ನೂ ಜಗಳವಾಡಿ ಗೆಲ್ಲಬಹುದು ಅಂದುಕೊಳ್ಳಬೇಡ. ಸರ್ಕಾರಗಳು ಮತ್ತೆ ಮತ್ತೆ ಎಡವುವುದು ಇಲ್ಲೇ. 1993ರಲ್ಲಿ ಅಮೆರಿಕ ಸರ್ಕಾರ ಕ್ಲಿಪ್ಪರ್ ಅನ್ನುವ ಚಿಪ್ ತಂದಿತು. ಫೋನಿನ ಮಾತೆಲ್ಲ ಗುಟ್ಟಾಗಿರುತ್ತದೆ, ಆದರೆ ಒಂದು ಕೀಲಿ ಸರ್ಕಾರದ ವಶದಲ್ಲಿರುತ್ತದೆ ಅಂತ. ಮರುವರ್ಷವೇ ಮ್ಯಾಟ್ ಬ್ಲೇಜ್ ಅನ್ನುವ ಸಂಶೋಧಕ, ಸರ್ಕಾರದ ಆ ಕೀಲಿಗೆ ಸಿಗದಂತೆ ಅದೇ ಚಿಪ್ ಬಳಸಿ ಮಾತಾಡಬಹುದು ಅಂತ ತೋರಿಸಿದ. ಯೋಜನೆ ಅಲ್ಲಿಗೇ ಸೊರಗಿತು. ಒಳ್ಳೆಯವರು ಮಾತ್ರ ಒಳಗೆ ಬರುವ ಬಾಗಿಲು ಕಟ್ಟಿ ಅಂತ ಇವತ್ತಿಗೂ ಮಂತ್ರಿಗಳು ಕೇಳುತ್ತಲೇ ಇರುತ್ತಾರೆ. ಗಣಿತಕ್ಕೆ ಒಳ್ಳೆಯವರು ಯಾರು ಅಂತ ಗೊತ್ತಿಲ್ಲ ಮಾರಾಯಾ. ಕೀಲಿ ಇದ್ದರೆ ಕದಿಯುವವನಿಗೂ ಅದೇ ಕೀಲಿ. ಇದಕ್ಕೆ ಬಹುಮತದಿಂದ ತಿದ್ದುಪಡಿ ತರೋಕಾಗಲ್ಲ.

ಇನ್ನು ವೋಟಿನ ವಿಷಯ. ಕಂಪ್ಯೂಟರ್ ಗೊತ್ತಿರುವವನು ನೀನು, ಎಲ್ಲವನ್ನೂ ಕಂಪ್ಯೂಟರಿಗೇ ಬಿಡೋಣ ಅನ್ನಬೇಕಲ್ಲ ಅಂತ ಕೇಳಿದ್ದೆ ಒಂದು ಸಲ. ಗೊತ್ತಿರುವುದಕ್ಕೇ ಹಿಂಜರಿಕೆ. ಬೆಲ್ಜಿಯಂನ ಸ್ಕಾರ್ಬೇಕ್ ಅನ್ನುವ ಊರಲ್ಲಿ 2003ರ ಮೇ 18ಕ್ಕೆ ಚುನಾವಣೆ. ಎಲೆಕ್ಟ್ರಾನಿಕ್ ಮತದಾನ. ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ವೋಟು ಬಿದ್ದಿತ್ತು. ಮತ ದಾಖಲಾಗಿದ್ದ ಕಾರ್ಡ್‌ಗಳನ್ನು ಮತ್ತೆ ಓದಿಸಿದರು. ವ್ಯತ್ಯಾಸ ಸರಿಯಾಗಿ 4096. ಈ ಸಂಖ್ಯೆ ನೋಡಿದ ಕೂಡಲೇ ನಿನಗೂ ಮೈ ಜುಮ್ಮೆಂದಿರಬೇಕು. 2ರ 12ನೇ ಘಾತ! ಕಂಪ್ಯೂಟರ್ ಎಲ್ಲ ಸಂಖ್ಯೆಯನ್ನೂ ಸೊನ್ನೆ, ಒಂದುಗಳಲ್ಲಿ ಬರೆದಿಡುತ್ತದೆ, ಅದರ ಒಂದೊಂದು ಅಂಕೆಗೆ ಬಿಟ್ ಅಂತ ಹೆಸರು. ಮೆಮೊರಿಯಲ್ಲಿ ಅಂಥ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿತ್ತು. ಸಾಫ್ಟ್‌ವೇರ್‌ನಲ್ಲಿ ತಪ್ಪು ಸಿಗಲಿಲ್ಲ. ಬಿಟ್ ತಾನಾಗಿಯೇ ಮಗುಚಿದೆ ಅಂತ ತಜ್ಞರು ಬರೆದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣದ ಮೇಲೆ ಅನುಮಾನ. ಯಾರ ಮೋಸವೂ ಇಲ್ಲ, ಯಾರ ಕೋಡಿನ ತಪ್ಪೂ ಅಲ್ಲ. ಸಿಕ್ಕಿಬಿದ್ದದ್ದು ಸಂಖ್ಯೆ ಅತಿಯಾಗಿದ್ದಕ್ಕೆ. ಮಗುಚಿದ ಬಿಟ್ ಇನ್ನೂ ಕೆಳಗಿನದ್ದಾಗಿ ಬರೀ 64 ವೋಟು ಜಾಸ್ತಿ ಬಂದಿದ್ದರೆ? ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮತ್ತೆ ಎಣಿಸಲು ಬೇರೆ ದಾಖಲೆ ಇದ್ದದ್ದಕ್ಕೆ ಬಚಾವ್.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಮಾತು ಯಾವ ಇಂಜಿನಿಯರದ್ದೂ ಅಲ್ಲ, ಒಂದು ಕೋರ್ಟಿನದು. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್ 3ಕ್ಕೆ ಒಂದು ತೀರ್ಪು ಕೊಟ್ಟಿತು. 2005ರ ಚುನಾವಣೆಯಲ್ಲಿ ಬಳಸಿದ ಮತಯಂತ್ರಗಳು ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಅಂತ. ಮೋಸ ನಡೆದಿದೆ ಅಂತ ಹೇಳಲಿಲ್ಲ, ಫಲಿತಾಂಶವನ್ನೂ ರದ್ದು ಮಾಡಲಿಲ್ಲ. ಮತ ಹಾಕುವ, ಎಣಿಸುವ ಮುಖ್ಯ ಹಂತಗಳನ್ನು ವಿಶೇಷ ಪರಿಣತಿ ಇಲ್ಲದ ಸಾಮಾನ್ಯ ಪ್ರಜೆಯೂ ಪರೀಕ್ಷಿಸಿ ನೋಡುವಂತಿರಬೇಕು ಅಂದಿತು. ಎಂಥ ಮಾತು! ಕೋಡ್ ಬಹಿರಂಗ ಮಾಡಿದರೆ ಸಾಕು ಅಂತ ನಮ್ಮಂಥವರು ಹೇಳುತ್ತೇವೆ. ಅದು ಕೋಡ್ ಓದಲು ಬರುವ ನಮಗೆ ಸಾಕು. ಓದಲು ಬಾರದವರ ವೋಟಿಗೂ ನಮ್ಮ ವೋಟಿನಷ್ಟೇ ತೂಕ ಅಲ್ವಾ? ಅವರು ನಮ್ಮನ್ನು ಯಾಕೆ ನಂಬಬೇಕು? ಸೋತವನ ಬೆಂಬಲಿಗನಿಗೂ ಸೋತೆವು ಅಂತ ಮನವರಿಕೆ ಆಗಬೇಕು. ಅದಕ್ಕೆ ಕಾಗದದಷ್ಟು ಒಳ್ಳೆಯದು ಇನ್ನೂ ಬಂದಿಲ್ಲ.

ಕೋಡ್ ಬಹಿರಂಗ ಇದ್ದರೆ ಸುರಕ್ಷಿತ ಅನ್ನುವ ನಂಬಿಕೆಯೂ ಅರ್ಧ ಸತ್ಯವೇ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಡೆವಲಪರ್‌ಗೆ ತನ್ನ ಮೆಷಿನ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಒಂದು ಕಂಪ್ಯೂಟರಿನ ಒಳಗೆ ಹೋಗುವ ದಾರಿ) ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ಬೇರೆ ಯಾರಾದರೂ ಆಗಿದ್ದರೆ ಕಾಫಿ ಗುಟುಕರಿಸಿ ಮುಂದೆ ಹೋಗುತ್ತಿದ್ದರು. ಆತ ಬೆನ್ನು ಹತ್ತಿದ. ಎಕ್ಸ್‌ಝಡ್ ಅನ್ನುವ ಸಣ್ಣ ಕಂಪ್ರೆಷನ್ ಲೈಬ್ರರಿಯಲ್ಲಿ (ಫೈಲು ಕುಗ್ಗಿಸಲು ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡ್) ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಆ ಲೈಬ್ರರಿಯನ್ನು ಒಬ್ಬನೇ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದ. ಕಳ್ಳ ವರ್ಷಗಟ್ಟಲೆ ಸಹಾಯ ಮಾಡುವವನಂತೆ ನಟಿಸಿ ಅವನ ನಂಬಿಕೆ ಗಳಿಸಿದ್ದ. ಕೋಡ್ ತೆರೆದೇ ಇತ್ತು, ನೋಡುವವರೇ ಇರಲಿಲ್ಲ.

1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಅಂತ ಒಂದು ಬಹಿರಂಗ ಪತ್ರ ಬರೆದಿದ್ದು ನಿನಗೆ ಗೊತ್ತಿರಬೇಕು. ನಮ್ಮ ಬೇಸಿಕ್ (ಪ್ರೋಗ್ರಾಮ್ ಬರೆಯುವ ಭಾಷೆಯ ಸಾಫ್ಟ್‌ವೇರ್) ಅನ್ನು ಕಾಸು ಕೊಡದೆ ಕಾಪಿ ಹೊಡೀತಿದ್ದೀರಿ, ಹೀಗಾದರೆ ಒಳ್ಳೆಯ ಸಾಫ್ಟ್‌ವೇರ್ ಯಾರು ಬರೆಯುತ್ತಾರೆ ಅಂತ. ನಾನು ವಿಂಡೋಸ್ ಬದಲು ಬಿಟ್ಟಿಯಾಗಿ ಬಳಸಬಹುದಾದ ಲಿನಕ್ಸ್ ಪಕ್ಷದವನಾದರೂ ಆ ಪ್ರಶ್ನೆಗೆ ಉತ್ತರ ಇನ್ನೂ ಸರಿಯಾಗಿ ಸಿಕ್ಕಿಲ್ಲ ಅಂತ ಒಪ್ಪುತ್ತೇನೆ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಅಂತ ಹೇಳಿ ಶುರು ಮಾಡಿದ್ದು ಈಗ ಜಗತ್ತಿನ ಸರ್ವರ್‌ಗಳನ್ನು ಹೊತ್ತಿದೆ, ಸರಿ. ಆದರೆ ಎಕ್ಸ್‌ಝಡ್‌ನಂಥ ಸಣ್ಣ ಸಣ್ಣವನ್ನು ಹೊತ್ತವರಿಗೆ ಸಂಬಳ ಯಾರು ಕೊಡುತ್ತಿದ್ದಾರೆ? ದೊಡ್ಡ ಕಂಪನಿಗಳು ಬಿಟ್ಟಿ ಬಳಸುತ್ತವೆ, ಸರ್ಕಾರಗಳೂ ಬಿಟ್ಟಿ ಬಳಸುತ್ತವೆ. ರಸ್ತೆ ರಿಪೇರಿಗೆ ತೆರಿಗೆ ಹಣ ಹೋಗುವುದು ಸರಿ ಅನ್ನುವವರು ಇದಕ್ಕೂ ಒಂದಿಷ್ಟು ಹೋಗಲಿ ಅನ್ನಬೇಕು.

ಎಐ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಬೇಜಾರಿನ ಸ್ಕ್ರಿಪ್ಟ್ ಬರೆಸಲು ಬಳಸುತ್ತೇನೆ, ಬರೆದದ್ದನ್ನು ಸಾಲು ಸಾಲಾಗಿ ಓದುತ್ತೇನೆ, ಅರ್ಥವಾಗದ್ದನ್ನು ಓಡಿಸುವುದಿಲ್ಲ. ಅದರಾಚೆಯ ಭವಿಷ್ಯ ಹೇಳುವವರು ಬೇಕಾದಷ್ಟಿದ್ದಾರೆ.

ಈಗ ನಿನ್ನ ಲ್ಯಾಪ್‌ಟಾಪ್. 64-ಬಿಟ್ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದ್ದರೆ ಹೊಸದು ಕೊಳ್ಳುವ ಮಾತೇ ಬೇಡ. ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇನ್ನೂ ಇದ್ದರೆ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕು. ಹಳೇ ಮೆಷಿನ್‌ಗೆ ಇಷ್ಟು ಜೀವ ತುಂಬುವ ಬದಲಾವಣೆ ಇನ್ನೊಂದಿಲ್ಲ. ಮೊದಲು ಫೈಲುಗಳನ್ನೆಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿಟ್ಟುಕೋ. ಆಮೇಲೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಅನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡು (ಕಂಪ್ಯೂಟರ್ ಶುರು ಮಾಡು), ಇನ್‌ಸ್ಟಾಲ್ ಮಾಡಬೇಡ. ವೈಫೈ, ಸೌಂಡ್, ಪ್ರಿಂಟರ್ ಮೂರನ್ನೂ ಪರೀಕ್ಷಿಸು. ಮುಚ್ಚಳ ಮುಚ್ಚಿ ತೆಗೆದಾಗ ಎದ್ದೇಳುತ್ತದಾ ನೋಡು, ಹಳೇ ಲ್ಯಾಪ್‌ಟಾಪ್‌ಗಳು ಮುನಿಸಿಕೊಳ್ಳುವುದು ಅಲ್ಲೇ. ಕೆಲಸಕ್ಕೆ ವಿಂಡೋಸ್‌ನಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್ ಏನಾದರೂ ಬೇಕೇ ಬೇಕು ಅಂತಿದ್ದರೆ ನನ್ನ ಮಾತು ಕೇಳಬೇಡ, ಹೊಸದು ತಗೋ. ಆಗ ಬ್ಯಾಟರಿ ಸ್ಕ್ರೂ ಹಾಕಿ ಕೂರಿಸಿದ್ದಾ ಅಂಟಿಸಿದ್ದಾ ಅಂತ ವಿಚಾರಿಸಿಯೇ ತಗೋ. ರ‍್ಯಾಮ್ ಬೆಸೆದದ್ದಾದರೆ ಮೊದಲೇ ಜಾಸ್ತಿ ಇರುವುದನ್ನು ಆರಿಸು, ಆಮೇಲೆ ಸೇರಿಸೋಕಾಗಲ್ಲ.

ಮಾಡೆಲ್ ನಂಬರ್ ಕಳಿಸು, ವೈಫೈ ಚಿಪ್ ಯಾವುದು ಅಂತ ನೋಡಿ ಹೇಳುತ್ತೇನೆ. ಬೂಟ್ ಮೆನುವಿಗೆ ಎಫ್12 ಅಥವಾ ಎಫ್9 ಒತ್ತಿ ನೋಡು, ಕಂಪನಿಗೊಂದು ಕೀ.

ನಿನ್ನ ಗೆಳೆಯ